ಗಾಳಿಯನ್ನು ತೂರುವ ಗಾಳಿ

ಕನ್ನಡದಲ್ಲಿ ಗಾಳಿಗೆ ಹೆಸರುಗಳು ಬಹಳ. ತಂಗಾಳಿ, ಸುಳಿಗಾಳಿ, ಬಿರುಗಾಳಿ, ಸುಂಟರಗಾಳಿ, ಮೂಡಗಾಳಿ, ಹೀಗೆ ಒಂದೊಂದಕ್ಕೂ ಒಂದೊಂದು ಗುಣ, ಒಂದೊಂದು ಕಾಲ. ಸಂಸ್ಕೃತದಿಂದ ಬಂದ ಮಾರುತ, ಪವನ, ಅನಿಲ, ಸಮೀರಗಳನ್ನೂ ಕೂಡಿಸಿಕೊಂಡರೆ ಪಟ್ಟಿ ಇನ್ನಷ್ಟು ಬೆಳೆಯುತ್ತದೆ. ಈ ಎಲ್ಲ ಹೆಸರುಗಳ ಹಿಂದೆ ಇರುವ ಅನುಭವ ಮಾತ್ರ ಒಂದೇ. ಗಾಳಿಯೆಂದರೆ ಮೈಗೆ ತಗಲುವಂಥದು, ಎಲೆಯನ್ನು ಅಲುಗಿಸುವಂಥದು, ಕಿವಿಗೆ ಕೇಳಿಸುವಂಥದು. ಇಂದು ನಾನು ಹೇಳಹೊರಟಿರುವ ಗಾಳಿಗೆ ಈ ಮೂರು ಗುಣಗಳಲ್ಲಿ ಒಂದೂ ಇಲ್ಲ. ಅದು ಮೈಗೆ ತಗಲದು, ಎಲೆಯನ್ನು ಅಲುಗಿಸದು, ಸದ್ದು ಮಾಡದು. ಆದರೂ ಅದು ಹಗಲಿರುಳೆನ್ನದೆ ಬೀಸುತ್ತಿದೆ. ಅದರ ಹೆಸರು ಸೌರಮಾರುತ, ಎಂದರೆ ಸೂರ್ಯನಿಂದ ಹೊರಟು ಬರುವ ಗಾಳಿ. ಆ ಗಾಳಿ ಭೂಮಿ, ಮಂಗಳ, ಶುಕ್ರ, ಬುಧಗಳಂಥ ಕಲ್ಲುಮೈಯ ಗ್ರಹಗಳಿಗೆ ಬಂದು ತಗಲಿದಾಗ ಏನಾಗುತ್ತದೆ ಎಂಬುದು ಇಂದಿನ ವಿಷಯ.

ನಾನು ವಿಜ್ಞಾನವನ್ನು ಓದಿದವನಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಕಾಲೇಜಿನಲ್ಲಿ ಕಾವ್ಯವನ್ನೂ ಅಲಂಕಾರಶಾಸ್ತ್ರವನ್ನೂ ಪಾಠ ಹೇಳಿದವನು. ಅಂಥವನಿಗೆ ಈ ವಿಷಯದ ಗೊಡವೆ ಏಕೆಂದು ಶ್ರೋತೃಗಳು ಕೇಳಬಹುದು. ಕಾರಣ ಇಷ್ಟೆ. ನಿವೃತ್ತಿಯ ಬಿಡುವಿನಲ್ಲಿ ಈ ವಿಷಯದ ಬರಹಗಳನ್ನು ಓದುತ್ತ ಹೋದಂತೆ ಎರಡು ಮಾತುಗಳು ಮತ್ತೆ ಮತ್ತೆ ಎದುರಾದವು. ಒಂದು ಮಾರುತ, ಇನ್ನೊಂದು ಕವಚ. ಸೂರ್ಯನಿಂದ ಗಾಳಿ ಬೀಸುತ್ತದೆ. ಭೂಮಿಗೆ ಕಾಂತಶಕ್ತಿಯ ಕವಚವಿದೆ. ಮಂಗಳನಿಗೆ ಆ ಕವಚ ಇಲ್ಲವಾಯಿತು. ಆದುದರಿಂದ ಮಂಗಳನ ವಾಯುಮಂಡಲವನ್ನು ಗಾಳಿ ಹೊತ್ತೊಯ್ದಿತು. ಪತ್ರಿಕೆಗಳಲ್ಲಿ ಬರುವ ಕಥೆಯ ಸಾರ ಇದು. ಎರಡೂ ರೂಪಕಗಳು. ಉಪಮೆಯಲ್ಲಿ ‘ಅಂತೆ’, ‘ಹಾಗೆ’ ಎಂಬ ಮಾತು ನಡುವೆ ನಿಂತು, ಇವು ಎರಡು ಬೇರೆ ಬೇರೆ ವಸ್ತುಗಳೆಂದು ನಮ್ಮನ್ನು ಎಚ್ಚರಿಸುತ್ತಿರುತ್ತದೆ. ರೂಪಕದಲ್ಲಿ ಆ ಎಚ್ಚರದ ಮಾತು ಬಿದ್ದುಹೋಗುತ್ತದೆ. ಕಾವ್ಯಕ್ಕೆ ಅದೇ ಸೊಗಸು. ಆದರೆ ಜಗತ್ತಿನ ಸಂಗತಿಯನ್ನು ತಿಳಿಯಹೊರಟಾಗ ರೂಪಕ ಎಲ್ಲಿಯವರೆಗೆ ನಮ್ಮನ್ನು ಕರೆದೊಯ್ಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದನ್ನು ವಿಚಾರಿಸಿಕೊಳ್ಳಬೇಕಾಗುತ್ತದೆ.

ಮೊದಲು ಗಾಳಿಯನ್ನೇ ನೋಡೋಣ. ಸೂರ್ಯನ ಮೇಲ್ಮೈಯ ಉಷ್ಣತೆ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಅದರ ಸುತ್ತ, ಪೂರ್ಣಗ್ರಹಣದ ಕೆಲವು ನಿಮಿಷಗಳಲ್ಲಿ ಬೆಳ್ಳಗೆ ಹರಡಿದಂತೆ ಕಾಣುವ ಕರೋನ ಎಂಬ ತೆಳುವಾದ ಹೊದಿಕೆಯುಂಟು. ಅದರ ಉಷ್ಣತೆ ಹತ್ತು ಲಕ್ಷ ಡಿಗ್ರಿಗೂ ಮೇಲು. ಅಷ್ಟು ಬಿಸಿಯಲ್ಲಿ ಪರಮಾಣುಗಳು ಇಡಿಯಾಗಿ ಉಳಿಯಲಾರವು. ಅವು ಒಡೆದು ಪ್ರೋಟಾನು, ಎಲೆಕ್ಟ್ರಾನುಗಳೆಂಬ ವಿದ್ಯುತ್ಕಣಗಳಾಗುತ್ತವೆ. ಸೂರ್ಯನ ಆಕರ್ಷಣೆ ಎಷ್ಟೇ ಪ್ರಬಲವಾಗಿದ್ದರೂ ಅಷ್ಟು ಕಾವೇರಿದ ಹೊದಿಕೆಯನ್ನು ಪೂರ್ತಿಯಾಗಿ ಹಿಡಿದಿಡಲಾರದು. ಅದು ಎಲ್ಲ ದಿಕ್ಕುಗಳಿಗೂ ಹರಿದುಹೋಗುತ್ತಲೇ ಇರುತ್ತದೆ.

ಹೀಗೊಂದು ಹರಿವು ಇರಬೇಕೆಂಬ ಸುಳಿವನ್ನು ಕೊಟ್ಟವು ಧೂಮಕೇತುಗಳು. ಧೂಮಕೇತು ಯಾವ ದಿಕ್ಕಿಗೆ ಚಲಿಸುತ್ತಿದ್ದರೂ ಅದರ ಅಯಾನುಗಳ ಬಾಲ ಸೂರ್ಯನಿಗೆ ಬೆನ್ನು ಮಾಡಿ ನೆಟ್ಟಗೆ ನಿಂತಿರುತ್ತದೆ. ಬೆಳಕಿನ ಒತ್ತಡವೊಂದೇ ಅದಕ್ಕೆ ಸಾಲದೆಂದೂ, ಸೂರ್ಯನಿಂದ ಕಣಗಳ ಪ್ರವಾಹವೇ ಬರುತ್ತಿರಬೇಕೆಂದೂ ಜರ್ಮನಿಯ ಲುಡ್ವಿಗ್ ಬಿಯರ್ಮನ್ 1951ರಲ್ಲಿ ತರ್ಕಿಸಿದರು. 1958ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಪಾರ್ಕರ್, ಆಗಿನ್ನೂ ಮೂವತ್ತರ ಆಸುಪಾಸಿನವರು, ಇದನ್ನು ಗಣಿತದಿಂದ ಸಾಧಿಸಿ ಒಂದು ಲೇಖನ ಬರೆದರು. ಅದನ್ನು ಪರಿಶೀಲಿಸಿದ ಇಬ್ಬರು ತಜ್ಞರು ಪ್ರಕಟಣೆಗೆ ಯೋಗ್ಯವಲ್ಲವೆಂದು ಹಿಂದಿರುಗಿಸಿದರು. ಆ ಪತ್ರಿಕೆಯ ಸಂಪಾದಕರು ಭಾರತೀಯ ಮೂಲದ ಸುಬ್ರಹ್ಮಣ್ಯನ್ ಚಂದ್ರಶೇಖರ್. ಅವರಿಗೂ ಪಾರ್ಕರರ ವಾದ ರುಚಿಸಿರಲಿಲ್ಲ. ಆದರೂ ಲೆಕ್ಕದಲ್ಲಿ ದೋಷ ಕಾಣದಿರುವಾಗ ತಡೆಯುವುದು ನ್ಯಾಯವಲ್ಲವೆಂದು ಲೇಖನವನ್ನು ಅಚ್ಚಿಗೆ ಕೊಟ್ಟರು. ನಾಲ್ಕೇ ವರ್ಷಗಳಲ್ಲಿ, 1962ರಲ್ಲಿ, ಶುಕ್ರನತ್ತ ಹೊರಟಿದ್ದ ಮ್ಯಾರಿನರ್-2 ನೌಕೆ ದಾರಿಯುದ್ದಕ್ಕೂ ಆ ಗಾಳಿಯನ್ನು ಅಳೆದು ವಾದವನ್ನು ಸ್ಥಿರಪಡಿಸಿತು. ತಾನೊಪ್ಪದ ಮಾತಿಗೂ ಸಭೆಯಲ್ಲಿ ಎಡೆ ಮಾಡಿಕೊಡುವ ಈ ದೊಡ್ಡತನವನ್ನು ನಮ್ಮ ಸಾಹಿತ್ಯ ಪತ್ರಿಕೆಗಳೂ ನೆನೆಯಬಹುದು. ಪಾರ್ಕರರ ಹೆಸರನ್ನೇ ಹೊತ್ತ ನೌಕೆಯೊಂದು 2018ರಲ್ಲಿ ಹೊರಟು, 2024ರ ಡಿಸೆಂಬರ್ 24ರಂದು ಸೂರ್ಯನಿಗೆ ಸುಮಾರು 61 ಲಕ್ಷ ಕಿಲೋಮೀಟರುಗಳಷ್ಟು ಸಮೀಪಕ್ಕೆ ಹೋಗಿ ಬಂದಿತು. ಅದು ಹೊರಟುದನ್ನು ಪಾರ್ಕರ್ ಕಣ್ಣಾರೆ ಕಂಡರು, 2022ರಲ್ಲಿ ತೀರಿಕೊಂಡರು.

ಇನ್ನು ಈ ಗಾಳಿಯ ಅಳತೆ. ಅದರ ವೇಗ ಸೆಕೆಂಡಿಗೆ 300ರಿಂದ 800 ಕಿಲೋಮೀಟರು. ಸೂರ್ಯನಿಂದ ನಮ್ಮವರೆಗಿನ ಹದಿನೈದು ಕೋಟಿ ಕಿಲೋಮೀಟರುಗಳನ್ನು ಅದು ಸಾಮಾನ್ಯವಾಗಿ ನಾಲ್ಕೈದು ದಿನಗಳಲ್ಲಿ ದಾಟಿ ಬರುತ್ತದೆ. ವೇಗವನ್ನು ಕೇಳಿ ಭಯಪಡಬೇಕಾದುದಿಲ್ಲ, ಸಾಂದ್ರತೆಯನ್ನೂ ಕೇಳಬೇಕು. ನಾವು ಉಸಿರಾಡುವ ಗಾಳಿಯ ಒಂದು ಘನ ಸೆಂಟಿಮೀಟರಿನಲ್ಲಿ, ಎಂದರೆ ಒಂದು ಕಡಲೆಕಾಳನ್ನು ಇಡುವಷ್ಟು ಜಾಗದಲ್ಲಿ, ಸುಮಾರು ಎರಡೂವರೆ ಲಕ್ಷ ಕೋಟಿ ಕೋಟಿ ಅಣುಗಳಿವೆ. ಭೂಮಿಯ ಬಳಿ ಸೌರಮಾರುತದ ಅಷ್ಟೇ ಜಾಗದಲ್ಲಿರುವುದು ಐದೋ ಹತ್ತೋ ಕಣಗಳು. ನಮ್ಮ ಪ್ರಯೋಗಶಾಲೆಗಳಲ್ಲಿ ಶೂನ್ಯವೆಂದು ಕರೆಯುವ ಸ್ಥಿತಿಗಿಂತಲೂ ಇದು ಬರಿದು. ಗಾಳಿಯೆಂಬ ರೂಪಕ ಮೊದಲು ಕೈಬಿಡುವುದು ಇಲ್ಲಿ. ಇದು ತಳ್ಳುವ ಗಾಳಿಯಲ್ಲ. ಇದರ ಬಲವಿರುವುದು ಎರಡು ಕಡೆ. ಒಂದು, ಇದು ವಿದ್ಯುತ್ಕಣಗಳ ಪ್ರವಾಹವಾದುದರಿಂದ ಸೂರ್ಯನ ಕಾಂತಕ್ಷೇತ್ರದ ಎಳೆಗಳನ್ನು ತನ್ನೊಡನೆ ಸೆಳೆದು ತರುತ್ತದೆ. ಇನ್ನೊಂದು, ಇದು ನಿಲ್ಲುವುದಿಲ್ಲ. ನಾನೂರೈವತ್ತು ಕೋಟಿ ವರ್ಷಗಳಿಂದ ಬೀಸುತ್ತಿದೆ. ತೊಟ್ಟಿಕ್ಕುವ ನೀರು ಕಲ್ಲನ್ನು ಕೊರೆಯುವ ಬಗೆ ಇದು.

ಮರೆಯಿಲ್ಲದ ಕಲ್ಲಿನ ಮೇಲೆ ಈ ಗಾಳಿ ಬಿದ್ದರೆ ಏನಾಗುತ್ತದೆಂಬುದಕ್ಕೆ ನಮ್ಮ ಚಂದ್ರನೇ ನಿದರ್ಶನ. ಅಲ್ಲಿ ವಾಯುಮಂಡಲವೆನ್ನುವಂಥದು ಇಲ್ಲ. ಇಡೀ ಗೋಳವನ್ನು ಆವರಿಸುವ ಕಾಂತಕ್ಷೇತ್ರವೂ ಇಲ್ಲ. ಸೌರಮಾರುತ ನೇರವಾಗಿ ನೆಲಕ್ಕೆ ಬಡಿಯುತ್ತದೆ. 1969ರ ಜುಲೈಯಲ್ಲಿ ಅಪೊಲೊ-11ರ ಯಾತ್ರಿಗಳು ಚಂದ್ರನ ಮೇಲೆ ಒಂದು ಅಲ್ಯೂಮಿನಿಯಮ್ ಹಾಳೆಯನ್ನು ಕೋಲಿಗೆ ತೂಗುಹಾಕಿ 77 ನಿಮಿಷ ಬಿಸಿಲಿಗೆ ಒಡ್ಡಿ, ಸುತ್ತಿಕೊಂಡು ತಂದರು. ಸ್ವಿಟ್ಜರ್‌ಲೆಂಡಿನ ಬರ್ನ್ ವಿಶ್ವವಿದ್ಯಾಲಯದವರ ಪ್ರಯೋಗ ಅದು. ಆ ಹಾಳೆಯಲ್ಲಿ ನಾಟಿಕೊಂಡಿದ್ದ ಸೂರ್ಯನ ಹೀಲಿಯಮ್ ಪರಮಾಣುಗಳನ್ನು ಅವರು ತಮ್ಮ ಪ್ರಯೋಗಶಾಲೆಯಲ್ಲಿ ಹೊರತೆಗೆದು ಎಣಿಸಿದರು. 2008ರಲ್ಲಿ ಹೋದ ನಮ್ಮ ಚಂದ್ರಯಾನ-1ರಲ್ಲಿ ಭಾರತ ಮತ್ತು ಸ್ವೀಡನ್ ಕೂಡಿ ಕಟ್ಟಿದ ಒಂದು ಉಪಕರಣವಿತ್ತು. ಚಂದ್ರನ ಧೂಳು ಸೌರಮಾರುತವನ್ನು ಪೂರ್ತಿಯಾಗಿ ಹೀರಿಕೊಳ್ಳುತ್ತದೆಂದೇ ಅದುವರೆಗಿನ ಎಣಿಕೆ. ಬಂದ ಪ್ರೋಟಾನುಗಳಲ್ಲಿ ಐದನೆಯ ಒಂದು ಪಾಲಿನವರೆಗೂ ಜಲಜನಕದ ಪರಮಾಣುಗಳಾಗಿ ಹಿಂದಕ್ಕೆ ಪುಟಿಯುತ್ತವೆಂದು ಆ ಉಪಕರಣ ತೋರಿಸಿತು. ಉಳಿದವು ನೆಲದಲ್ಲಿ ಸೇರುತ್ತವೆ. ಅವುಗಳಲ್ಲಿ ಕೆಲವು ಕಲ್ಲಿನೊಳಗಿನ ಆಮ್ಲಜನಕದೊಡನೆ ಕೂಡುತ್ತವೆ. ಚಂದ್ರನ ಮೇಲ್ಮೈಯಲ್ಲಿ ತೆಳುವಾಗಿ ಹರಡಿರುವ ನೀರಿನಂಶಕ್ಕೆ ಇದೂ ಒಂದು ಮೂಲ. ಬಡಿಯುವ ಗಾಳಿಯೇ ಕೊಡುವ ಗಾಳಿಯೂ ಆಯಿತು.

ಬುಧನ ಸ್ಥಿತಿ ಇದಕ್ಕಿಂತ ಸ್ವಲ್ಪ ಬೇರೆ. ಅವನಿಗೆ ಕಾಂತಕ್ಷೇತ್ರವುಂಟೆಂದು 1974ರಲ್ಲಿ ಮ್ಯಾರಿನರ್-10 ಕಂಡುಹಿಡಿಯಿತು. ಆದರೆ ಅದರ ಬಲ ನಮ್ಮದರ ನೂರನೆಯ ಒಂದು ಭಾಗ. ಸೂರ್ಯನ ಮಗ್ಗುಲಲ್ಲೇ ಇರುವ ಬುಧನಿಗೆ ಇಷ್ಟು ಮರೆ ಸಾಲದು. ಗಾಳಿ ನುಗ್ಗಿ ನೆಲದ ಸೋಡಿಯಮ್ ಪರಮಾಣುಗಳನ್ನು ಕಿತ್ತೆಬ್ಬಿಸುತ್ತದೆ. ಬಿಸಿಲಿನ ಒತ್ತಡ ಅವನ್ನು ಲಕ್ಷಾಂತರ ಕಿಲೋಮೀಟರು ಉದ್ದದ ಬಾಲವಾಗಿ ಹಿಂದಕ್ಕೆ ಎಳೆಯುತ್ತದೆ.

ಈಗ ಭೂಮಿಗೆ ಬರೋಣ. ನಮ್ಮ ಕಾಲಡಿಯಲ್ಲಿ ಸುಮಾರು 2,900 ಕಿಲೋಮೀಟರು ಆಳದಿಂದ ಮೊದಲಾಗಿ ಕರಗಿದ ಕಬ್ಬಿಣದ ಒಂದು ಕಡಲಿದೆ. ಆ ಕಬ್ಬಿಣ ಒಳಗಿನ ಕಾವಿಗೆ ಹೊರಳುತ್ತ, ಭೂಮಿಯ ತಿರುಗಾಟಕ್ಕೆ ಸುತ್ತುತ್ತ, ವಿದ್ಯುತ್ತನ್ನೂ ಅದರೊಡನೆ ಕಾಂತಕ್ಷೇತ್ರವನ್ನೂ ಹುಟ್ಟಿಸುತ್ತದೆ. ನಾವಿಕನ ದಿಕ್ಸೂಚಿಯನ್ನು ತಿರುಗಿಸುವ ಈ ಬಲ ನೆಲದ ಮಟ್ಟದಲ್ಲಿ ಬಹಳ ದುರ್ಬಲವಾದುದು. ಆದರೆ ಅದು ಬಾಹ್ಯಾಕಾಶದೊಳಕ್ಕೆ ಬಹುದೂರ ಚಾಚಿಕೊಂಡಿದೆ. ಸೂರ್ಯನಿಗೆ ಎದುರಾದ ಕಡೆಯಲ್ಲಿ ಸುಮಾರು 65,000 ಕಿಲೋಮೀಟರು ದೂರದಲ್ಲೇ ಸೌರಮಾರುತಕ್ಕೆ ತಡೆ ಬೀಳುತ್ತದೆ. ತುಂಬಿ ಹರಿಯುವ ಹೊಳೆಯಲ್ಲಿ ಬಂಡೆಗೆ ಬಡಿದ ನೀರು ಇಬ್ಭಾಗವಾಗಿ ಹೋಗುವ ಹಾಗೆ ಗಾಳಿ ಭೂಮಿಯನ್ನು ಬಳಸಿಕೊಂಡು ಹೋಗುತ್ತದೆ. ಹಿಂಬದಿಯಲ್ಲಿ ಕಾಂತಕ್ಷೇತ್ರ ಚಂದ್ರನ ಕಕ್ಷೆಯನ್ನೂ ದಾಟಿ ಬಾಲದಂತೆ ಎಳೆಯಲ್ಪಟ್ಟಿರುತ್ತದೆ. ಇದೇ ನಮ್ಮ ಕವಚ.

ಆದರೆ ಈ ಕವಚ ಸಂದಿಲ್ಲದ ಉಕ್ಕಿನದಲ್ಲ. ಗಾಳಿ ತರುವ ಕಾಂತಕ್ಷೇತ್ರದ ಎಳೆಗಳು ನಮ್ಮವಕ್ಕೆ ವಿರುದ್ಧ ದಿಕ್ಕಿನಲ್ಲಿ ಬಂದಾಗ ಎರಡೂ ಕಡಿದು ಒಂದಕ್ಕೊಂದು ಬೆಸೆದುಕೊಳ್ಳುತ್ತವೆಂದು 1961ರಲ್ಲಿ ಇಂಗ್ಲೆಂಡಿನ ಜೇಮ್ಸ್ ಡಂಜಿ ತೋರಿಸಿದರು. ಆಗ ಕವಚದಲ್ಲಿ ಬಾಗಿಲು ತೆರೆಯುತ್ತದೆ. ಕಣಗಳು ಧ್ರುವಪ್ರದೇಶಗಳತ್ತ ಇಳಿದು ಮೇಲ್ಗಾಳಿಗೆ ಬಡಿಯುತ್ತವೆ. ಆಕಾಶ ಹಸುರಾಗಿ, ಕೆಂಪಾಗಿ ಹೊಳೆಯುತ್ತದೆ. ಇದು ಧ್ರುವಪ್ರಭೆ. 2024ರ ಮೇ ತಿಂಗಳಲ್ಲಿ ಸೂರ್ಯನಿಂದ ಎದ್ದ ದೊಡ್ಡ ಬಿರುಗಾಳಿಯ ರಾತ್ರಿ ಈ ಕೆಂಪು ನಮ್ಮ ಲಡಾಖಿನ ಹಾನ್ಲೆಯವರೆಗೂ ಇಳಿದು ಬಂದಿತು. ಅಲ್ಲಿರುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ. ಅದರ ಕ್ಯಾಮೆರಾಗಳಲ್ಲಿ ಆ ಕೆಂಪು ದಾಖಲಾಯಿತು.

ಮಂಗಳನ ಕಥೆ ಇಷ್ಟು ಸುಖಕರವಲ್ಲ. ಇಂದು ಅಲ್ಲಿನ ವಾಯುವಿನ ಒತ್ತಡ ನಮ್ಮದರ ನೂರನೆಯ ಒಂದು ಭಾಗಕ್ಕೂ ಕಡಮೆ. ಬಟ್ಟಲಲ್ಲಿ ನೀರಿಟ್ಟರೆ ಅದು ಹೆಪ್ಪುಗಟ್ಟುತ್ತದೆ, ಇಲ್ಲವೆ ಕುದಿದು ಆರಿಹೋಗುತ್ತದೆ. ಆದರೆ ಅದೇ ನೆಲದಲ್ಲಿ ಬತ್ತಿದ ನದಿಗಳ ಕಣಿವೆಗಳಿವೆ; 1971ರಲ್ಲಿ ಅಲ್ಲಿಗೆ ತಲುಪಿದ ಮ್ಯಾರಿನರ್-9 ಅವನ್ನು ಚಿತ್ರಿಸಿತು. 2021ರಲ್ಲಿ ಪರ್ಸಿವಿಯರೆನ್ಸ್ ಗಾಡಿ ಇಳಿದ ಜೆಜ಼ೆರೊ ಕುಳಿಯಲ್ಲಿ, ನದಿಯೊಂದು ಸರೋವರವನ್ನು ಸೇರುವಲ್ಲಿ ಮೆಕ್ಕಲನ್ನು ಹಾಸಿದ ಮುಖಜಭೂಮಿ ಇಂದಿಗೂ ಸ್ಪಷ್ಟವಾಗಿ ಉಳಿದಿದೆ. ನೀರು ಹರಿಯಬೇಕಾದರೆ ಮೇಲೆ ದಟ್ಟವಾದ ಗಾಳಿ ಇದ್ದಿರಲೇಬೇಕು. ಆ ಗಾಳಿ ಎಲ್ಲಿ ಹೋಯಿತು?

ಮಂಗಳನಿಗೂ ಒಂದು ಕಾಲದಲ್ಲಿ ಕಾಂತಕ್ಷೇತ್ರವಿತ್ತು. 1997ರಲ್ಲಿ ಅಲ್ಲಿಗೆ ತಲುಪಿದ ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆ ಅಲ್ಲಿನ ದಕ್ಷಿಣದ ಹಳೆಯ ಬಂಡೆಗಳಲ್ಲಿ ಉಳಿದುಕೊಂಡಿರುವ ಕಾಂತತೆಯನ್ನು ಗುರುತಿಸಿತು. ಒಳಗಿನ ಕಬ್ಬಿಣ ಇಂದಿಗೂ ಬಹುಮಟ್ಟಿಗೆ ದ್ರವವಾಗಿಯೇ ಇದೆಯೆಂದು 2018ರಲ್ಲಿ ಇಳಿದ ಇನ್‌ಸೈಟ್ ನೌಕೆಯ ಅಳತೆಗಳಿಂದ ತಿಳಿಯಿತು. ಆದರೆ ಕ್ಷೇತ್ರವನ್ನು ಹುಟ್ಟಿಸುವ ಹೊರಳಾಟ ಸುಮಾರು ನಾನೂರು ಕೋಟಿ ವರ್ಷಗಳ ಹಿಂದೆಯೇ ನಿಂತುಹೋಯಿತು. ಹಳೆಯ ಕೋಟೆಯ ಮುರುಕು ಗೋಡೆಗಳ ಹಾಗೆ ಕಾಂತತೆಯ ತುಣುಕುಗಳು ಮಾತ್ರ ಅಲ್ಲಲ್ಲಿ ಉಳಿದವು.

ಆಮೇಲೆ ನಡೆದುದನ್ನು ತಿಳಿಯುವುದಕ್ಕೆಂದೇ ಅಮೆರಿಕದ ಮೇವನ್ ಎಂಬ ನೌಕೆ 2014ರ ಸೆಪ್ಟೆಂಬರಿನಲ್ಲಿ ಮಂಗಳನ ಕಕ್ಷೆಯನ್ನು ಸೇರಿತು. ಅದಾದ ಎರಡು ಮೂರು ದಿನಗಳಲ್ಲಿ, ಸೆಪ್ಟೆಂಬರ್ 24ರಂದು, ಬೆಂಗಳೂರಿನಿಂದ ನಿಯಂತ್ರಿತವಾದ ನಮ್ಮ ಮಂಗಳಯಾನವೂ ಅಲ್ಲಿಗೆ ಮುಟ್ಟಿತೆಂಬುದನ್ನು ತಾವು ಬಲ್ಲಿರಿ. ಅದರಲ್ಲಿಯೂ ಮಂಗಳನ ಮೇಲ್ಗಾಳಿಯ ಅನಿಲಗಳನ್ನು ಅಳೆಯುವ ಒಂದು ಉಪಕರಣವಿತ್ತು.

ಮೇವನ್ ಕಂಡುದರ ಸಾರ ಇದು. ಬಿಸಿಲಿನ ಅತಿನೇರಳೆ ಕಿರಣಗಳು ಮಂಗಳನ ಮೇಲ್ಗಾಳಿಯ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಅವನ್ನು ಅಯಾನುಗಳಾಗಿ ಮಾಡುತ್ತವೆ. ಸುಮ್ಮನಿದ್ದ ಪರಮಾಣುವನ್ನು ಸೌರಮಾರುತ ಎಳೆಯಲಾರದು. ಅದು ಅಯಾನಾದ ಕೂಡಲೆ ಗಾಳಿಯ ಕಾಂತಕ್ಷೇತ್ರ ಅದನ್ನು ಎತ್ತಿಕೊಳ್ಳುತ್ತದೆ. ಎತ್ತಿಕೊಂಡವುಗಳಲ್ಲಿ ಕೆಲವು ಬಾಹ್ಯಾಕಾಶಕ್ಕೆ ಹೋಗಿಬಿಡುತ್ತವೆ. ಇನ್ನು ಕೆಲವು ತಿರುಗಿ ಬಂದು ವಾಯುಮಂಡಲಕ್ಕೇ ಬಡಿಯುತ್ತವೆ. ಕೇರಮ್ ಆಟದಲ್ಲಿ ಸ್ಟ್ರೈಕರು ಬಡಿದಾಗ ಕಾಯಿಗಳು ಸಿಡಿಯುವಂತೆ ಆ ಪೆಟ್ಟಿಗೆ ಬೇರೆ ಪರಮಾಣುಗಳು ಸಿಡಿದು ಹೊರಬೀಳುತ್ತವೆ. ಹೀಗೆ ಸೆಕೆಂಡಿಗೆ ಸುಮಾರು ನೂರು ಗ್ರಾಮು ಅನಿಲ ಗಾಳಿಯ ಪಾಲಾಗುತ್ತಿದೆಯೆಂದು 2015ರಲ್ಲಿ ಲೆಕ್ಕ ಸಿಕ್ಕಿತು. ಅದೇ ವರ್ಷದ ಮಾರ್ಚಿನಲ್ಲಿ ಸೂರ್ಯನ ಬಿರುಗಾಳಿಯೊಂದು ಬಡಿದಾಗ ಈ ನಷ್ಟ ಹಲವು ಪಟ್ಟು ಏರಿದುದೂ ಕಂಡುಬಂದಿತು. ಸೂರ್ಯ ತನ್ನ ಎಳೆಹರೆಯದಲ್ಲಿ ಇಂದಿಗಿಂತ ಬಹಳ ಉಗ್ರನಾಗಿದ್ದನು. ಅಂಥ ಬಿರುಗಾಳಿಗಳೇ ಆಗ ದಿನನಿತ್ಯದ ಸಂಗತಿ.

ನೂರು ಗ್ರಾಮೆಂದರೆ ಒಂದು ಹಿಡಿ ಕಡಲೆ. ಹಿಡಿಹಿಡಿಯಾಗಿ ಹೋದುದು ಒಟ್ಟು ಎಷ್ಟೆಂಬುದನ್ನು ತಿಳಿಯಲು ವಿಜ್ಞಾನಿಗಳು ಹೂಡಿದ ಉಪಾಯವನ್ನು ಹೇಳದಿದ್ದರೆ ಈ ಮಾತು ಪೂರ್ಣವಾಗದು. ನಮ್ಮ ಕಣಗಳಲ್ಲಿ ರಾಗಿಯನ್ನೋ ಭತ್ತವನ್ನೋ ತೂರುವುದನ್ನು ತಾವು ನೋಡಿರಬಹುದು. ಎತ್ತರದಲ್ಲಿ ಮೊರ ಹಿಡಿದು ಗಾಳಿಗೆ ಬಿಟ್ಟರೆ ಕಾಳು ಕೆಳಗೆ ಬೀಳುತ್ತದೆ, ಜೊಳ್ಳು ಹಾರಿಹೋಗುತ್ತದೆ. ತೂರಿದ ಬಳಿಕ ಬಂದವನೂ, ಅನುಭವಸ್ಥನಾಗಿದ್ದರೆ, ರಾಶಿಯಲ್ಲಿ ಉಳಿದ ಅಲ್ಪಸ್ವಲ್ಪ ಜೊಳ್ಳನ್ನು ನೋಡಿಯೇ ಹಾರಿಹೋದುದು ಎಷ್ಟೆಂದು ಅಂದಾಜು ಮಾಡಬಲ್ಲನು. ಮಂಗಳನ ಗಾಳಿಯಲ್ಲಿ ಆರ್ಗಾನ್ ಎಂಬ ಅನಿಲವಿದೆ. ಅದು ಯಾವುದರೊಡನೆಯೂ ಕೂಡದ ಒಂಟಿ ಅನಿಲ. ಕಲ್ಲಿನೊಡನೆ ಬೆರೆತು ನೆಲದಲ್ಲಿ ಅಡಗಲಾರದು. ಅದು ಕಾಣೆಯಾಗಿದ್ದರೆ ಮೇಲಕ್ಕೇ ಹೋಗಿರಬೇಕು. ಈ ಆರ್ಗಾನಿನಲ್ಲಿ 36ರ ತೂಕದ್ದು, 38ರ ತೂಕದ್ದು ಎಂಬ ಎರಡು ಬಗೆಗಳುಂಟು. ಹಗುರವಾದುದು ವಾಯುಮಂಡಲದ ಮೇಲುಮೇಲಿನ ಪದರಗಳಲ್ಲಿ ಹೆಚ್ಚು. ಆದುದರಿಂದ ಗಾಳಿಗೆ ಮೊದಲು ಸಿಕ್ಕುವುದು ಅದೇ. ಉಳಿದ ರಾಶಿಯಲ್ಲಿ ಭಾರದ ಆರ್ಗಾನಿನ ಪಾಲು ಎಷ್ಟು ಹೆಚ್ಚಿದೆಯೆಂದು ಅಳೆದು, 2017ರಲ್ಲಿ ಅವರು ಒಂದು ಲೆಕ್ಕವನ್ನು ಪ್ರಕಟಿಸಿದರು. ಮಂಗಳನ ವಾಯುವಿನಲ್ಲಿ ಸೇರಿದ್ದ ಆರ್ಗಾನಿನಲ್ಲಿ ಸುಮಾರು ಮೂರನೆಯ ಎರಡು ಪಾಲು ಬಾಹ್ಯಾಕಾಶಕ್ಕೆ ಹಾರಿಹೋಗಿದೆ. ಸೂರ್ಯನ ಗಾಳಿ ಮಂಗಳನ ಗಾಳಿಯನ್ನು ತೂರಿದೆ. ನಮಗೆ ಉಳಿದಿರುವುದು ಕಣದ ಲೆಕ್ಕ.

ಇನ್ನೊಂದು ಸಂಗತಿ. 2022ರ ಡಿಸೆಂಬರಿನ ಕೊನೆಯ ವಾರದಲ್ಲಿ ಮಂಗಳನ ಬಳಿ ಸೌರಮಾರುತ ಅಪರೂಪವಾಗಿ ಬಿಡುವು ಕೊಟ್ಟಿತು. ಅದರ ಸಾಂದ್ರತೆ ನೂರನೆಯ ಒಂದು ಭಾಗಕ್ಕೆ ಇಳಿಯಿತು. ವೇಗವಾಗಿ ಹೋಗುವ ಗಾಳಿಯ ಅಲೆಯೊಂದು ಮುಂದಿನ ನಿಧಾನದ ಅಲೆಯನ್ನು ಗುಡಿಸಿಕೊಂಡು ಹೋದಾಗ ಹಿಂದೆ ಹೀಗೆ ತೆರಪು ಉಳಿಯುತ್ತದೆ. ಆಗ ಮಂಗಳನ ಸುತ್ತಲಿನ ಅಯಾನುಗಳ ಹೊದಿಕೆ ಸಾವಿರಾರು ಕಿಲೋಮೀಟರು ಹಿಗ್ಗಿತು. ಗಾಳಿ ಮರಳಿ ಬಂದೊಡನೆ ಕುಗ್ಗಿತು. ಎದೆಯ ಮೇಲಿನ ಭಾರ ಒಂದು ಗಳಿಗೆ ಇಳಿದವನು ಉಸಿರೆಳೆದುಕೊಂಡ ಹಾಗೆ. ಕಾಣದ, ಕೇಳದ ಈ ಗಾಳಿಯ ಭಾರ ಎಷ್ಟೆಂಬುದು ಅದು ಇಲ್ಲದಿದ್ದ ಆ ದಿನದಲ್ಲಿ ಸ್ಪಷ್ಟವಾಯಿತು.

ಇಲ್ಲಿಯವರೆಗೆ ಕೇಳಿದ ಕನ್ನಡ ಶ್ರೋತೃಗಳಿಗೆ ಕರ್ಣನ ನೆನಪಾಗಿರಲೇಬೇಕು. ಹುಟ್ಟಿನಿಂದ ಬಂದ ಕವಚವನ್ನು ಕಳೆದುಕೊಂಡು ಬಾಣಗಳಿಗೆ ಎದೆಯೊಡ್ಡಿ ನಿಂತವನು ಅವನು, ಸೂರ್ಯಪುತ್ರನೂ ಹೌದು. ಹೋಲಿಕೆ ಎಷ್ಟು ಚೆನ್ನಾಗಿ ಕೂಡಿಬರುತ್ತದೆಯೆಂದರೆ, ಅದು ಪೂರ್ಣಸತ್ಯವೆಂದು ಒಪ್ಪಿಬಿಡಲು ಮನಸ್ಸು ಸಿದ್ಧವಾಗುತ್ತದೆ. ಅಲ್ಲೇ ಒಂದು ಕ್ಷಣ ನಿಲ್ಲಬೇಕು. ಕವಚ ಹೋದುದರಿಂದಲೇ ವಾಯು ಹೋಯಿತೆಂಬುದು ನಿಜವಾದರೆ, ಕವಚವಿಲ್ಲದ ಮತ್ತೊಬ್ಬನ ಗತಿಯೂ ಹಾಗೆಯೇ ಆಗಿರಬೇಕಲ್ಲವೆ?

ಆ ಮತ್ತೊಬ್ಬ ಶುಕ್ರ. ಶುಕ್ರನೊಳಗೆ ಹುಟ್ಟುವ ಕಾಂತಕ್ಷೇತ್ರ ಇಲ್ಲವೆಂದೇ ಹೇಳಬೇಕು. ಅವನು ಸೂರ್ಯನಿಗೆ ನಮಗಿಂತ ಹತ್ತಿರದಲ್ಲಿದ್ದಾನೆ; ಗಾಳಿಯ ಹೊಡೆತ ನಮ್ಮದರ ಸುಮಾರು ಇಮ್ಮಡಿ. ಕಥೆಯ ಪ್ರಕಾರ ಅವನು ಬರಿಮೈಯಲ್ಲಿ ನಿಂತಿರಬೇಕು. ಆದರೆ ಶುಕ್ರನ ವಾಯುವಿನ ಒತ್ತಡ ನಮ್ಮದರ ತೊಂಬತ್ತು ಪಟ್ಟು! ಅವನ ಮೇಲ್ಗಾಳಿಯ ಅಯಾನುಗಳಲ್ಲಿ ಸೌರಮಾರುತವೇ ವಿದ್ಯುತ್ತನ್ನು ಹರಿಸಿ ಒಂದು ತಾತ್ಕಾಲಿಕ ಕಾಂತಕ್ಷೇತ್ರವನ್ನು ಮೂಡಿಸುತ್ತದೆ. ಬಂದ ಗಾಳಿ ಅದನ್ನೇ ಬಳಸಿಕೊಂಡು ಹೋಗುತ್ತದೆ. ಹಾಗೆಂದು ಶುಕ್ರನಿಗೆ ನಷ್ಟವೇ ಇಲ್ಲವೆಂದಲ್ಲ. 2006ರಿಂದ 2014ರವರೆಗೆ ಅವನನ್ನು ಸುತ್ತಿದ ಯೂರೋಪಿನ ವೀನಸ್ ಎಕ್ಸ್‌ಪ್ರೆಸ್ ನೌಕೆ, ಅಲ್ಲಿಂದ ಜಲಜನಕ ಮತ್ತು ಆಮ್ಲಜನಕಗಳು ಹೆಚ್ಚುಕಡಮೆ ಎರಡಕ್ಕೆ ಒಂದರಂತೆ ಹೊರಟುಹೋಗುತ್ತಿರುವುದನ್ನು ಕಂಡಿತು. ಎರಡಕ್ಕೆ ಒಂದೆಂದರೆ ನೀರು. ಶುಕ್ರ ತನ್ನ ನೀರನ್ನು ಕಳೆದುಕೊಂಡ. ಭಾರದ ಇಂಗಾಲಾಮ್ಲವನ್ನು ಉಳಿಸಿಕೊಂಡ.

ಇನ್ನು ಕವಚಧಾರಿಯಾದ ಭೂಮಿ. ನಮ್ಮ ವಾಯುವೂ ಸೋರುತ್ತಿದೆ. ಯೂರೋಪಿನ ಕ್ಲಸ್ಟರ್ ನೌಕೆಗಳ ಅಳತೆಗಳನ್ನು ಆಧರಿಸಿದ ಅಂದಾಜಿನಂತೆ ದಿನಕ್ಕೆ ಸುಮಾರು 90 ಟನ್ನು. ಬಹುಪಾಲು ಹೋಗುವುದು ಧ್ರುವಗಳ ಮೇಲಿನ ದಾರಿಯಿಂದ. ಅಲ್ಲಿ ಕಾಂತಕ್ಷೇತ್ರದ ಎಳೆಗಳು ಬಾಹ್ಯಾಕಾಶಕ್ಕೆ ತೆರೆದುಕೊಂಡಿರುತ್ತವೆ. ದೊಡ್ಡ ಕವಚಕ್ಕೆ ಒಂದು ತೊಡಕೂ ಉಂಟು. ಅದು ಗಾಳಿಗೆ ಎದುರಾಗಿ ಬಹಳ ಅಗಲ ಹರಡಿಕೊಂಡಿರುವುದರಿಂದ ಹೆಚ್ಚು ಶಕ್ತಿಯನ್ನು ಹಿಡಿದು ಧ್ರುವಗಳತ್ತ ಇಳಿಸುತ್ತದೆ. ಕಾಂತಕ್ಷೇತ್ರ ವಾಯುವನ್ನು ಕಾಪಾಡುತ್ತದೆಂಬ ಮಾತನ್ನೇ ಮರುವಿಚಾರಣೆಗೆ ಒಡ್ಡಬೇಕೆಂದು 2018ರಲ್ಲಿ ಯೂರೋಪಿನ ಕೆಲವು ವಿಜ್ಞಾನಿಗಳು ಬರೆದರು. ಹೊರಟ ಅಯಾನುಗಳಲ್ಲಿ ಒಂದಂಶವನ್ನು ಇದೇ ಕ್ಷೇತ್ರ ತಿರುಗಿ ತರುತ್ತದೆಂದು ಇನ್ನು ಕೆಲವರು ವಾದಿಸುತ್ತಾರೆ. ಚರ್ಚೆ ಮುಗಿದಿಲ್ಲ.

ದಿನಕ್ಕೆ 90 ಟನ್ನೆಂದು ಕೇಳಿ ಯಾರೂ ಎದೆಗುಂದಬೇಕಾಗಿಲ್ಲ. ಭೂಮಿಯ ವಾಯುವಿನ ಒಟ್ಟು ತೂಕ ಸುಮಾರು ಐವತ್ತು ಕೋಟಿ ಕೋಟಿ ಟನ್ನು. ಇಂದಿನ ಸೋರಿಕೆಯಲ್ಲಿ ಅದು ಬರಿದಾಗಲು ಹದಿನೈದು ಸಾವಿರ ಕೋಟಿ ವರ್ಷ ಬೇಕು. ಸೂರ್ಯನ ಆಯುಸ್ಸಿನಲ್ಲಿ ಉಳಿದಿರುವುದೇ ಐನೂರು ಕೋಟಿ ವರ್ಷ. ಕಾಂತಕ್ಷೇತ್ರ ತಲೆಕೆಳಗಾಗುವ ಕಾಲದಲ್ಲಿ ಸರ್ವನಾಶವಾದೀತೆಂದು ಆಗಾಗ ಪತ್ರಿಕೆಗಳಲ್ಲಿ ಬರುವುದುಂಟು. ಸುಮಾರು 7,80,000 ವರ್ಷಗಳ ಹಿಂದೆ ಅದು ಹಾಗೆ ತಿರುಗಿತು. ತಿರುಗುವಾಗ ಬಹಳ ಕ್ಷೀಣವಾಯಿತು. ಭೂಮಿಯ ಗಾಳಿ ಎಲ್ಲಿಗೂ ಹೋಗಲಿಲ್ಲ, ಜೀವ ಅಳಿಯಲಿಲ್ಲ. ಬಾಹ್ಯಾಕಾಶದಿಂದ ಬರುವ ಕಣಗಳಿಂದ ನೆಲದ ಮೇಲಿನ ನಮ್ಮನ್ನು ಕಾಯುವ ಹೆಚ್ಚಿನ ಕೆಲಸವನ್ನು ಮಾಡುತ್ತಿರುವುದೂ ತಲೆಯ ಮೇಲಿನ ಈ ದಪ್ಪ ಗಾಳಿಯೇ.

ಹಾಗಾದರೆ ಮಂಗಳ ಕೆಟ್ಟುದು ಏಕೆ? ನನಗೆ ತಿಳಿದಮಟ್ಟಿಗೆ ಉತ್ತರ ಒಂದೇ ಮಾತಿನದಲ್ಲ. ಮಂಗಳ ಚಿಕ್ಕವನು, ಅವನ ತೂಕ ಭೂಮಿಯ ಹತ್ತನೆಯ ಒಂದು ಪಾಲು. ಭೂಮಿಯನ್ನು ಬಿಟ್ಟುಹೋಗಲು ಸೆಕೆಂಡಿಗೆ 11 ಕಿಲೋಮೀಟರು ವೇಗ ಬೇಕಾದರೆ ಮಂಗಳನನ್ನು ಬಿಟ್ಟುಹೋಗಲು ಐದು ಸಾಕು. ಹಿಡಿತ ಸಡಿಲವಾದುದರಿಂದ ಬಿಸಿಲಿನ ಪೆಟ್ಟಿಗೇ, ಸೌರಮಾರುತದ ಸಹಾಯವಿಲ್ಲದೆ, ಹೊರಟುಹೋದ ಪರಮಾಣುಗಳೂ ಬಹಳ. ಒಂದಷ್ಟು ಇಂಗಾಲಾಮ್ಲ ಕಲ್ಲಿನೊಳಗೆ ಸೇರಿತು. ಕ್ಯೂರಿಯಾಸಿಟಿ ಗಾಡಿ ಗೇಲ್ ಕುಳಿಯ ಬಂಡೆಗಳಲ್ಲಿ ಅಂಥ ಕಾರ್ಬನೇಟ್ ಖನಿಜವನ್ನು ಕಂಡುದು 2025ರಲ್ಲಿ ವರದಿಯಾಯಿತು. ಚಿಕ್ಕ ಗ್ರಹದ ಒಳಗಾವು ಬೇಗ ಆರಿತು; ಹೋದುದನ್ನು ತುಂಬಿಕೊಡುವಷ್ಟು ಜ್ವಾಲಾಮುಖಿಗಳು ಉಸಿರು ಬಿಡಲಿಲ್ಲ. ಇದೆಲ್ಲದರ ಮೇಲೆ ಬಿಡದೆ ಬೀಸುವ ಗಾಳಿ. ಒಂದು ಮನೆತನ ಬಡವಾದುದಕ್ಕೆ ಊರವರು ಒಂದೇ ಕಾರಣ ಹೇಳುತ್ತಾರೆ. ಹತ್ತಿರದಿಂದ ಬಲ್ಲವರು ನಾಲ್ಕು ಹೇಳುತ್ತಾರೆ.

ಹಾಗೆಂದು ಕವಚವೆಂಬ ಮಾತನ್ನು ಬಿಟ್ಟುಬಿಡಬೇಕೆಂದು ನಾನು ಹೇಳುವುದಿಲ್ಲ. ಸೌರಮಾರುತವನ್ನು ಭೂಮಿಯಿಂದ ದೂರದಲ್ಲೇ ತಿರುಗಿಸುವ ಕೆಲಸವನ್ನು ಕಾಂತಕ್ಷೇತ್ರ ಮಾಡುತ್ತದೆಂಬುದು ಸಂದೇಹವಿಲ್ಲದ ಸಂಗತಿ. ಅಷ್ಟರಮಟ್ಟಿಗೆ ಮಾತು ಸಾರ್ಥಕ. ಅದಿದ್ದವನು ಉಳಿದ, ಇಲ್ಲದವನು ಅಳಿದ ಎಂದು ಮುಂದುವರಿಸಿದಾಗ ಮಾತು ಸಂಗತಿಯನ್ನು ದಾಟಿ ಹೋಗುತ್ತದೆ. ಬೇರೆ ನಕ್ಷತ್ರಗಳ ಸುತ್ತ ಈಗ ಸಾವಿರಾರು ಗ್ರಹಗಳು ಗೊತ್ತಾಗಿವೆ. ಅವುಗಳಲ್ಲಿ ಯಾವುದರ ಮೇಲೆ ಗಾಳಿಯೂ ನೀರೂ ಇರಬಹುದೆಂದು ಹುಡುಕುವವರಿಗೆ ಈ ವಿವೇಚನೆ ಬರಿಯ ಪಾಂಡಿತ್ಯವಲ್ಲ. ಕವಚವೊಂದನ್ನೇ ಹುಡುಕುತ್ತ ಹೊರಟರೆ ಶುಕ್ರನಂಥವನನ್ನು ಕೈಬಿಟ್ಟಾರು, ಬುಧನಂಥವನನ್ನು ನೆಚ್ಚಿಯಾರು.

ನಮ್ಮ ದೇಶವೂ ಈ ವಿಚಾರಣೆಯಲ್ಲಿ ಪಾಲುಗೊಂಡಿದೆ. 2023ರ ಸೆಪ್ಟೆಂಬರ್ 2ರಂದು ಹೊರಟ ಆದಿತ್ಯ-ಎಲ್1 ನೌಕೆ 2024ರ ಜನವರಿ 6ರಂದು ಭೂಮಿಯಿಂದ ಸೂರ್ಯನ ಕಡೆಗೆ ಹದಿನೈದು ಲಕ್ಷ ಕಿಲೋಮೀಟರು ದೂರದ ತನ್ನ ನೆಲೆಯನ್ನು ಸೇರಿತು. ಸೌರಮಾರುತ ಭೂಮಿಯನ್ನು ಮುಟ್ಟುವುದಕ್ಕೆ ಸುಮಾರು ಒಂದು ಗಂಟೆ ಮೊದಲು ಆ ನೆಲೆಯನ್ನು ಹಾಯ್ದು ಬರುತ್ತದೆ. ಅದರ ಕಣಗಳನ್ನು ಎಣಿಸುವ ಉಪಕರಣಗಳು ನೌಕೆಯಲ್ಲಿವೆ. ಕರೋನವನ್ನು ನೋಡುವ ಅದರ ದೂರದರ್ಶಕವನ್ನು ಭಾರತೀಯ ಖಭೌತ ಸಂಸ್ಥೆಯವರು ಬೆಂಗಳೂರಿಗೆ ಸಮೀಪದ ಹೊಸಕೋಟೆಯಲ್ಲಿರುವ ತಮ್ಮ ಕೇಂದ್ರದಲ್ಲಿ ಕಟ್ಟಿದರು.

ಮಂಗಳನಲ್ಲಿಯೂ ಗಾಳಿ ಬಡಿದಾಗ ಆಕಾಶ ಹೊಳೆಯುತ್ತದೆ. 2024ರ ಮಾರ್ಚಿನಲ್ಲಿ ಪರ್ಸಿವಿಯರೆನ್ಸ್ ಗಾಡಿ ಅಲ್ಲಿನ ನೆಲದ ಮೇಲೆ ನಿಂತೇ ಆ ಮಂದವಾದ ಹಸುರು ಬೆಳಕಿನ ಚಿತ್ರ ತೆಗೆಯಿತು. ನಮ್ಮ ಹೊಳಪು ಧ್ರುವಗಳ ಸುತ್ತಲಿನದು. ಮಂಗಳನಿಗೆ ಕಾಂತಧ್ರುವಗಳೇ ಇಲ್ಲವಾದುದರಿಂದ ಅಲ್ಲಿ ಅದು ಇರುಳಿನ ಆಕಾಶದಲ್ಲೆಲ್ಲ ಹರಡಬಲ್ಲದು. ಮುಂದೆ ಎಂದಾದರೂ ಬಾನಿನಲ್ಲಿ ಕೆಂಪಗೆ ನಿಂತ ಮಂಗಳನನ್ನು ಕಂಡಾಗ, ಕವಚ ಕಳೆದುಕೊಂಡವನೆಂದು ಮರುಗುವುದರ ಜೊತೆಗೆ, ಚಿಕ್ಕವನಾಗಿ ಹುಟ್ಟಿದವನು, ಬೇಗ ತಣ್ಣಗಾದವನು, ನಾನೂರು ಕೋಟಿ ವರ್ಷ ಈ ಗಾಳಿಯಲ್ಲಿ ನಿಂತವನು ಎಂಬುದನ್ನೂ ನೆನೆಯಬೇಕೆಂದು ಕೇಳುಗರಲ್ಲಿ ನನ್ನ ಅರಿಕೆ.

(ಬಾನುಲಿ ಭಾಷಣ)